ದುಬೈ ಪ್ಯಾಕೇಜಿಗೆ ಹಣ ಕಟ್ಟುವ ಮೊದಲು ಓದಿ

ದುಬೈನಲ್ಲಿ ನಮ್ಮ ಜೇಬಿಗೆ ಯಾರೂ ಕೈ ಹಾಕಲಿಲ್ಲ. ಟ್ಯಾಕ್ಸಿಯವರು ಮೀಟರ್ ಹಾಕದೆ ಗಾಡಿ ಎತ್ತುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ನಾನೂ ಅತ್ತೆಯೂ ಇಬ್ಬರೇ ದೇರಾದ ಬೀದಿಯಲ್ಲಿ ನಡೆದು ಬಂದರೂ ಒಬ್ಬನೂ ತಿರುಗಿ ನೋಡಲಿಲ್ಲ. ಇಷ್ಟು ಶಿಸ್ತಿನ ಊರಿನಿಂದ ಹಾಸನಕ್ಕೆ ಮರಳಿ ಲೆಕ್ಕ ಬರೆದಾಗ, ಅಂದುಕೊಂಡದ್ದಕ್ಕಿಂತ ಒಂದೂವರೆ ಪಟ್ಟು ಖರ್ಚಾಗಿತ್ತು. ಹೋದ ಹಣಕ್ಕೆಲ್ಲ ರಸೀದಿ ಇದೆ, ಕೆಲವಕ್ಕೆ ನಮ್ಮದೇ ಸಹಿಯೂ ಇದೆ. ಆ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ನಾದಿನಿ ದುಬೈ ಪಕ್ಕದ ಶಾರ್ಜಾದಲ್ಲಿದ್ದಾಳೆ. ಅವಳ ಮನೆ ಒಂದೇ ಕೋಣೆಯದು, ಹಾಗಾಗಿ ಬೆಂಗಳೂರಿನ ಒಂದು ಏಜೆನ್ಸಿಯಲ್ಲಿ ಹೋಟೆಲ್ ಸಮೇತ ಪ್ಯಾಕೇಜ್ ಕೊಂಡೆವು. ಅವರ ಮೇಲೆ ನಾವು ಕೊಟ್ಟ ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಆ ಏಜೆನ್ಸಿಯ ಹೆಸರು ಬರೆಯುವುದಿಲ್ಲ. "ನವೆಂಬರ್‌ನಲ್ಲಿ ಬನ್ನಿ ಅತ್ತಿಗೆ" ಎಂದು ಅವಳು ಹೇಳಿದ್ದಳು. ಆದರೆ ಮಕ್ಕಳಿಗೆ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಏಜೆನ್ಸಿಗಳು ಬೇಸಿಗೆಯ ಪ್ಯಾಕೇಜನ್ನು ಅಗ್ಗಕ್ಕೆ ಮಾರುವುದೂ ಆಗಲೇ. ಮೇ ಕೊನೆಯ ಹೊತ್ತಿಗೆ ಅಲ್ಲಿ ಮಧ್ಯಾಹ್ನದ ಬಿಸಿ 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅದರ ಮೇಲೆ ಸಮುದ್ರದ ಕಡೆಯ ಸೆಕೆ. ಪ್ರತಿ ವರ್ಷ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೂಲಿ ಮಾಡಿಸುವುದನ್ನೇ ಅಲ್ಲಿನ ಸರ್ಕಾರ ನಿಷೇಧಿಸುತ್ತದೆ. ನಮ್ಮ ಏಜೆನ್ಸಿಯವರ ಬಸ್ಸು ಮಾತ್ರ ಸರಿಯಾಗಿ ಆ ಹೊತ್ತಿಗೇ ಎಪ್ಪತ್ತು ದಾಟಿದ ಅತ್ತೆಯನ್ನು ಜುಮೇರಾ ಕಡಲತೀರದ ಮರಳಿನಲ್ಲಿ ಇಳಿಸಿತು.

ಅವರು ಕೊಟ್ಟ ಪಟ್ಟಿಯಲ್ಲಿ ಬುರ್ಜ್ ಖಲೀಫಾ, ಬುರ್ಜ್ ಅಲ್ ಅರಬ್, ಅಟ್ಲಾಂಟಿಸ್ ಹೋಟೆಲುಗಳು, ದುಬೈ ಮಾಲ್, ಗ್ಲೋಬಲ್ ವಿಲೇಜ್, ಮರುಭೂಮಿ ಸಫಾರಿ ಎಲ್ಲವೂ ಇದ್ದವು. ಒಂದೊಂದರ ಮುಂದೆ ಸಣ್ಣ ಅಕ್ಷರದಲ್ಲಿ "ಫೋಟೊ ಸ್ಟಾಪ್" ಎಂದಿತ್ತು. ಹಾಗೆಂದರೆ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ನೀವು ಕೆಳಗಿಳಿದು ಕತ್ತೆತ್ತಿ ನೋಡಿ ಫೋಟೊ ತೆಗೆದುಕೊಂಡು ಹತ್ತುತ್ತೀರಿ. 828 ಮೀಟರ್ ಎತ್ತರದ ಬುರ್ಜ್ ಖಲೀಫಾವನ್ನು ರಸ್ತೆಯಿಂದ ನೋಡಲು ಏಜೆನ್ಸಿ ಯಾಕೆ ಬೇಕು? 124, 125ನೇ ಮಹಡಿಗೆ ಹೋಗುವ ಟಿಕೆಟ್ ಬೇರೆಯೇ. ಸೂರ್ಯಾಸ್ತದ ಹೊತ್ತಿನ ದರ ಇನ್ನೂ ಹೆಚ್ಚು, ಅದನ್ನೂ ಮುಂಚೆಯೇ ಕಾದಿರಿಸಬೇಕು. ದುಬೈ ಮಾಲ್‌ಗೆ ಪ್ರವೇಶ ಶುಲ್ಕವೇ ಇಲ್ಲ, ಮೆಟ್ರೊ ನಿಲ್ದಾಣದಿಂದ ಒಳಗಿನವರೆಗೂ ಎಸಿ ಹಾಕಿದ ನಡೆದಾರಿ ಇದೆ. ಅದನ್ನೂ ಅರ್ಧ ದಿನದ "ಭೇಟಿ" ಎಂದು ಪಟ್ಟಿಗೆ ಸೇರಿಸಿದ್ದರು.

ಗ್ಲೋಬಲ್ ವಿಲೇಜ್ ವಿಷಯವಂತೂ ಹಗಲು ದರೋಡೆ. ಅದು ಬಯಲಿನಲ್ಲಿ ನಡೆಯುವ ಮೇಳ. ಅಕ್ಟೋಬರ್ ಸುಮಾರಿಗೆ ತೆರೆದು ಬಿಸಿಲು ಏರುವ ಹೊತ್ತಿಗೆ ಮುಚ್ಚುತ್ತದೆ. ಹೂವಿನ ಮಿರಾಕಲ್ ಗಾರ್ಡನ್ನಿಗೂ ಬೇಸಿಗೆಯಲ್ಲಿ ಬೀಗ. ವರ್ಷವಿಡೀ ದುಬೈ ಪ್ಯಾಕೇಜ್ ಮಾರುವವರಿಗೆ ಇದು ತಿಳಿಯದೆ ಇರುತ್ತದೆಯೇ? ಅಲ್ಲಿಗೆ ಹೋದ ಮೇಲೆ "ಸೀಸನ್ ಮುಗಿದಿದೆ ಮೇಡಂ, ಬದಲಿಗೆ ಇನ್ನೊಂದು ಮಾಲ್ ತೋರಿಸುತ್ತೇವೆ" ಎಂದರು.

ಹೋಟೆಲಿನ ಕೌಂಟರಿನಲ್ಲಿ ಇನ್ನೊಂದು ವಸೂಲಿ. ಟೂರಿಸಂ ದಿರ್ಹಮ್ ಎಂಬ ಶುಲ್ಕವನ್ನು ಹೋಟೆಲಿನ ದರ್ಜೆಗೆ ತಕ್ಕಂತೆ ಕೋಣೆಯೊಂದಕ್ಕೆ ರಾತ್ರಿಗೆ 7ರಿಂದ 20 ದಿರ್ಹಮ್ (ಅಲ್ಲಿನ ಹಣ) ತೆಗೆದುಕೊಳ್ಳುತ್ತಾರೆ. ಇದು ಕಾನೂನುಬದ್ಧವಾದದ್ದು, ತಕರಾರಿಲ್ಲ. ಆದರೆ "ಎಲ್ಲವೂ ಸೇರಿದೆ" ಎಂದು ಬರೆದುಕೊಟ್ಟವರು ಇದನ್ನು ಸೇರಿಸಿರುವುದಿಲ್ಲ. ಜೊತೆಗೆ ಠೇವಣಿ ಕೇಳುತ್ತಾರೆ. ಕಾರ್ಡಿನಲ್ಲಿ ಕೊಟ್ಟರೆ ಆ ಮೊತ್ತ ನಿಮ್ಮ ಖಾತೆಗೆ ಮರಳಲು ದಿನಗಟ್ಟಲೆ ಕಾಯಬೇಕು.

ಇವೆಲ್ಲ ಚಿಲ್ಲರೆ. ಮುಖ್ಯವಾಗಿ ಹೇಳಬೇಕಾದದ್ದು ಉಜ್ಜುವ ಕಾರ್ಡಿನ ಕಥೆ.

ಮಾಲ್ ಒಂದರಲ್ಲಿ ಸೂಟು ತೊಟ್ಟ ಹುಡುಗನೊಬ್ಬ ನಗುತ್ತಾ ಎದುರು ಬಂದ. ಹಿಂದಿಯಲ್ಲಿ ಮಾತು. ಊರು ಯಾವುದು, ಮಕ್ಕಳೆಷ್ಟು ಎಂದು ಕೇಳಿ, ಎಲ್ಲರ ಕೈಗೂ ಒಂದೊಂದು ಕಾರ್ಡ್ ಕೊಟ್ಟು ನಾಣ್ಯದಿಂದ ಉಜ್ಜಲು ಹೇಳಿದ. ನನ್ನದರಲ್ಲಿ ಏನೂ ಇರಲಿಲ್ಲ. ಯಜಮಾನರದ್ದರಲ್ಲಿ ಬಹುಮಾನ! ಹುಡುಗ ಕುಣಿದೇಬಿಟ್ಟ. "ಇವತ್ತು ಬೆಳಗಿನಿಂದ ಯಾರಿಗೂ ಬಂದಿಲ್ಲ ಸಾರ್, ನಿಮಗೇ ಮೊದಲು." ಬಹುಮಾನ ಎಂದರೆ ದೋ ಎಂಬ ಮರದ ಹಡಗಿನಲ್ಲಿ ಸುತ್ತಾಟದ ಜೊತೆ ಊಟ, ಜೊತೆಗೆ ಒಂದು ವಾರದ ಹೋಟೆಲ್ ವಾಸ. ಪಡೆದುಕೊಳ್ಳಲು ಪಕ್ಕದ ಹೋಟೆಲಿಗೆ ಬರಬೇಕು, ಕಾರು ಕಳಿಸುತ್ತಾರೆ, ಅರ್ಧ ಗಂಟೆಯ ಕೆಲಸ. ಆಮೇಲೆ ಅವನು ಕೇಳಿದ ಮೂರು ಪ್ರಶ್ನೆಗಳನ್ನು ಗಮನಿಸಿ: ಗಂಡ ಹೆಂಡತಿ ಇಬ್ಬರೂ ಬರುತ್ತೀರಲ್ಲ? ತಿಂಗಳ ಆದಾಯ ಎಷ್ಟು? ಕ್ರೆಡಿಟ್ ಕಾರ್ಡ್ ಯಾವ ಬ್ಯಾಂಕಿನದು? ಬಹುಮಾನ ಕೊಡುವವನಿಗೆ ನಿಮ್ಮ ಕ್ರೆಡಿಟ್ ಕಾರ್ಡ್ ಏಕೆ? ಯಾರೇ ಆಗಲಿ ಈ ಮೂರನ್ನು ಕೇಳಿದರೆ ಅಲ್ಲಿಂದಲೇ ವಾಪಸು ಹೊರಡಿ.

ಒಳಗೆ ದೊಡ್ಡ ಹಾಲ್. ಇಪ್ಪತ್ತು ಮೇಜು, ಮೇಜಿಗೊಂದು ದಂಪತಿ, ದಂಪತಿಗೊಬ್ಬ ಮಾರಾಟಗಾರ. ಪಕ್ಕದವರ ಮಾತು ಕೇಳದಷ್ಟು ಜೋರು ಸಂಗೀತ. ಯಾರಾದರೂ ಸಹಿ ಹಾಕಿದ ತಕ್ಷಣ ಮೈಕಿನಲ್ಲಿ ಅವರ ಊರಿನ ಹೆಸರು ಕೂಗುತ್ತಾರೆ, ಸಿಬ್ಬಂದಿಯೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಾರೆ. ಮಾರುವುದು ಹಾಲಿಡೇ ಕ್ಲಬ್ ಸದಸ್ಯತ್ವ. ಈಗ ಲಕ್ಷಾಂತರ ಕಟ್ಟಿದರೆ ವರ್ಷಕ್ಕೊಂದು ವಾರ ಜಗತ್ತಿನ ಎಲ್ಲಿ ಬೇಕಾದರೂ ತಂಗಬಹುದಂತೆ. ಬೇಡ ಎಂದರೆ ಮ್ಯಾನೇಜರ್ ಬರುತ್ತಾನೆ, ದರ ಕಾಲುಭಾಗ ಇಳಿಯುತ್ತದೆ. ಮತ್ತೂ ಬೇಡ ಎಂದರೆ ಅವನಿಗಿಂತ ದೊಡ್ಡ ಮ್ಯಾನೇಜರ್, ಅರ್ಧ ಬೆಲೆ. "ಈ ದರ ಇವತ್ತು ಮಾತ್ರ, ಈ ಬಾಗಿಲು ದಾಟಿದರೆ ಇಲ್ಲ." ಮನೆಗೆ ಹೋಗಿ ಯೋಚಿಸುತ್ತೇವೆ ಎಂದರೆ, "ನಿಮ್ಮ ಮನೆಯಲ್ಲಿ ತೀರ್ಮಾನ ಮಾಡುವವರು ಯಾರು ಸಾರ್, ನೀವೋ ಮೇಡಮ್ಮೋ?" ಎಂದು ಗಂಡಸಿನ ಮರ್ಯಾದೆ ಕೆಣಕುತ್ತಾರೆ. ಯಜಮಾನರು "ಅವಳೇ" ಎಂದು ಹೇಳಿ ನೀರು ಕುಡಿದರು. ಮೂರು ಗಂಟೆ ಹೀಗೇ ಕಳೆಯಿತು. ಅಷ್ಟರಲ್ಲಿ ನಮ್ಮ ಹೋಟೆಲಿನ ಬಾಗಿಲಿಗೆ ಸಫಾರಿಯ ಗಾಡಿ ಬಂದು, ಕಾದು, ಹೋಗಿಯಾಗಿತ್ತು. ತಪ್ಪಿಸಿಕೊಂಡ ಸಫಾರಿಯ ಹಣ ವಾಪಸಿಲ್ಲ. ಬಹುಮಾನವೆಂದು ಕೊಟ್ಟ ಚೀಟಿ ತೆರೆದು ನೋಡಿದರೆ ಹೋಟೆಲಿನ ತೆರಿಗೆ, ಸೇವಾ ಶುಲ್ಕ, ಬುಕಿಂಗ್ ಶುಲ್ಕ ಎಲ್ಲವೂ ನಮ್ಮದೇ.

ನಮ್ಮ ಬಸ್ಸಿನಲ್ಲೇ ಇದ್ದ ದಾವಣಗೆರೆಯ ದಂಪತಿ ಅಲ್ಲಿ ಸಹಿ ಹಾಕಿ ಕ್ರೆಡಿಟ್ ಕಾರ್ಡಿನಲ್ಲಿ ಹಣ ಕಟ್ಟಿದರು. ರಾತ್ರಿ ಕೋಣೆಯಲ್ಲಿ ಕೂತು ಒಪ್ಪಂದ ಓದಿದಾಗ ಗೊತ್ತಾಗಿದ್ದು: ವರ್ಷವರ್ಷವೂ ನಿರ್ವಹಣಾ ಶುಲ್ಕ ಕಟ್ಟಬೇಕು, ಕಟ್ಟಿದ ಹಣ ಮರಳುವುದಿಲ್ಲ, ಮಾರಾಟಗಾರ ಬಾಯಲ್ಲಿ ಹೇಳಿದ ಯಾವ ಮಾತೂ ಒಪ್ಪಂದದ ಭಾಗವಲ್ಲ. ಮರುದಿನ ಬೆಳಿಗ್ಗೆ ಹೋದರೆ, ಹಿಂದಿನ ದಿನ ಹೆಗಲ ಮೇಲೆ ಕೈ ಹಾಕಿ "ಅಣ್ಣಾ" ಎಂದವನು ಸಿಗಲಿಲ್ಲ. ಬೇರೊಬ್ಬ ಬಂದು ಅದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಆ ದಂಪತಿ ಇನ್ನೂ ಬ್ಯಾಂಕಿನ ಜೊತೆ ಪತ್ರವ್ಯವಹಾರ ಮಾಡುತ್ತಿದ್ದಾರೆ. ಸಹಿ ಇರುವ ಕಾಗದ ಎದುರಿಗಿರುವಾಗ ಬ್ಯಾಂಕಿನವರು ಸುಲಭವಾಗಿ ಜಗ್ಗುವುದಿಲ್ಲ.

ಇನ್ನು ದೇರಾದ ಮಸಾಲೆ ಪೇಟೆ. ಬರ್ ದುಬೈ ಕಡೆಯಿಂದ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಊರ ನಡುವಿನ ಕ್ರೀಕ್ (ಒಳಗೆ ಚಾಚಿದ ಸಮುದ್ರದ ನೀರು) ದಾಟಿದರೆ ಸಿಗುತ್ತದೆ. ಇಡೀ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಆ ದೋಣಿ ಒಂದೇ. ಗೋಣಿಗಳಲ್ಲಿ ಗುಲಾಬಿ ಮೊಗ್ಗು, ಒಣ ನಿಂಬೆ, ಏಲಕ್ಕಿ. ಗೋಣಿಗೆ ಸಿಕ್ಕಿಸಿದ ರಟ್ಟಿನ ಮೇಲೆ "25" ಎಂದಷ್ಟೇ ಬರೆದಿತ್ತು. ಎಷ್ಟು ಗ್ರಾಮಿಗೆ ಎಂದು ಕೇಳಿದೆ. ಅಂಗಡಿಯವನು ಉತ್ತರಿಸದೆ ಕೇಸರಿಯ ಒಂದು ಎಳೆಯನ್ನು ನನ್ನ ಅಂಗೈಗೆ ಹಾಕಿ, ನೀರು ಹನಿಸಿ, ಉಜ್ಜಿ ತೋರಿಸಿದ. ನನ್ನ ಕಣ್ಣು ಅಂಗೈಯ ಹಳದಿಯ ಮೇಲಿತ್ತು, ಅವನ ಇನ್ನೊಂದು ಕೈ ಪೊಟ್ಟಣ ತುಂಬುತ್ತಿತ್ತು. ಏಲಕ್ಕಿ ಒಂದು ಸೌಟು, ಅದರ ಮೇಲೆ ಗುಲಾಬಿ, ಅದರ ಮೇಲೆ ಇನ್ನೇನೋ, ಕೊನೆಗೆ ಕೇಸರಿ. ತಕ್ಕಡಿಗಿಟ್ಟು "640 ದಿರ್ಹಮ್" ಎಂದ. ರಟ್ಟಿನ ಬೆಲೆ ಹತ್ತು ಗ್ರಾಮಿನದಂತೆ! ಬೇಡ ಎಂದರೆ, "ಎಲ್ಲ ಬೆರೆಸಿಯಾಗಿದೆ ಭಾಬಿ, ಈಗ ಹೇಗೆ ಬೇರೆ ಮಾಡಲಿ?" ಎಂದು ಮುಖ ಸಪ್ಪೆ ಮಾಡಿದ. ಗಂಡಸರು ಇಂಥ ಕಡೆ ನಾಚಿ ಹಣ ಕೊಟ್ಟುಬಿಡುತ್ತಾರೆ. ಅತ್ತೆ ಮಾತ್ರ "ಬೆರೆಸು ಎಂದು ನಾನು ಹೇಳಿದೆನೇನಪ್ಪಾ?" ಎಂದು ಅಚ್ಚ ಕನ್ನಡದಲ್ಲಿ ಕೇಳಿ ಹೊರಟೇಬಿಟ್ಟರು. ಬೀದಿಯ ತಿರುವು ಬರುವಷ್ಟರಲ್ಲಿ 640 ಇದ್ದದ್ದು 200ಕ್ಕೆ ಇಳಿದಿತ್ತು. ಆ ಬೆಲೆಗೆ ಯಜಮಾನರು ಕೊಂಡರು. ಸಕಲೇಶಪುರದ ಏಲಕ್ಕಿ ತೋಟದ ಮನೆಯಿಂದ ಬಂದ ನಾನು ದುಬೈನಿಂದ ಏಲಕ್ಕಿ ತಂದೆ, ಅದೂ ಬಹುಶಃ ಗ್ವಾಟೆಮಾಲಾದ್ದು. ಕೇಸರಿಯೇ ಬೇಕೆಂದರೆ ಸೂಪರ್ ಮಾರ್ಕೆಟ್ಟಿಗೆ ಹೋಗಿ, ತೂಕವೂ ಬೆಲೆಯೂ ಅಚ್ಚಾಗಿರುವ ಮೊಹರು ಮಾಡಿದ ಡಬ್ಬಿ ಕೊಳ್ಳಿ.

ಹಣ ಕೊಡುವಾಗ ಇನ್ನೊಂದು ಸೂಕ್ಷ್ಮವಿದೆ. ಭಾರತದ ಕಾರ್ಡ್ ಹಾಕಿದಾಗ ಯಂತ್ರ "ರೂಪಾಯಿಯೋ ದಿರ್ಹಮೋ" ಎಂದು ಕೇಳುತ್ತದೆ. ರೂಪಾಯಿ ಒತ್ತಿದರೆ ವಿನಿಮಯ ದರ ನಿಗದಿ ಮಾಡುವುದು ಆ ಯಂತ್ರದ ಕಡೆಯವರು, ಅದರಲ್ಲಿ ಅವರ ಲಾಭವೂ ಸೇರಿರುತ್ತದೆ. ಅಂಗಡಿಯವನು ತಾನೇ ರೂಪಾಯಿ ಒತ್ತಿ ಯಂತ್ರವನ್ನು ನಮ್ಮ ಕಡೆ ತಿರುಗಿಸಿದ್ದ. ಯಂತ್ರವನ್ನು ಕೈಗೆ ತೆಗೆದುಕೊಂಡು ಯಾವಾಗಲೂ ದಿರ್ಹಮ್ ಒತ್ತಿ. ಬಿಲ್ ಕೇಳಿ ಪಡೆಯಿರಿ. ದುಬೈನಲ್ಲಿ ಗ್ರಾಹಕರ ರಕ್ಷಣೆಗೆಂದೇ ಸರ್ಕಾರಿ ವಿಭಾಗವಿದೆ, ಪ್ರವಾಸಿಗರೂ ದೂರು ಕೊಡಬಹುದು, ಆದರೆ ಬಿಲ್ ಬೇಕು. ತುರ್ತಲ್ಲದ ವಿಷಯಕ್ಕೆ ಪೊಲೀಸರ ಸಂಖ್ಯೆ 901, ತುರ್ತಿಗೆ 999.

ಮೆಟ್ರೊದಲ್ಲಿ ತಿನ್ನುವುದು, ಕುಡಿಯುವುದು, ಚೂಯಿಂಗ್ ಗಮ್ ಅಗಿಯುವುದು ಎಲ್ಲಕ್ಕೂ 100 ದಿರ್ಹಮ್ ದಂಡ. ಮಹಿಳೆಯರ ಬೋಗಿಗೆ ಗಂಡಸರು ಹತ್ತಿದರೂ ಅಷ್ಟೇ. ಅಲ್ಲಿ "ಹೋಗಲಿ ಬಿಡಿ ಸಾರ್" ನಡೆಯುವುದಿಲ್ಲ.

ಪೆಟ್ಟಿಗೆ ಕಟ್ಟುವಾಗ ನಮ್ಮವರು ಎಡವುವುದು ಗಸಗಸೆಯಲ್ಲಿ. ಮಗಳಿಗೆಂದು ಅತ್ತೆ ಅಂಟಿನ ಉಂಡೆ ಕಟ್ಟಿದ್ದರು, ಗಸಗಸೆ ಹಾಕಿಯೇ. ಹೊರಡುವ ಹಿಂದಿನ ರಾತ್ರಿ ನಾದಿನಿ ಫೋನ್ ಮಾಡಿ, "ಅಮ್ಮಾ, ಇಲ್ಲಿ ಗಸಗಸೆ ಮಾದಕ ವಸ್ತುವಿನ ಲೆಕ್ಕ, ಒಂದು ಕಾಳೂ ತರಬೇಡ" ಎಂದಾಗ ಮನೆಯವರಿಗೆಲ್ಲ ನಡುಕ. ಇದು ಉತ್ಪ್ರೇಕ್ಷೆಯಲ್ಲ, ದುಬೈ, ಶಾರ್ಜಾ ಸೇರಿದ ಯುಎಇ ದೇಶದಲ್ಲಿ ಗಸಗಸೆ ನಿಷಿದ್ಧ. ವೀಳ್ಯದೆಲೆಗೂ ನಿಷೇಧವಿದೆ. ಎಲೆ ಅಡಿಕೆಯ ಚೀಲವನ್ನು ಸೊಂಟದಿಂದ ಬಿಚ್ಚಿಡುವಾಗ ಅತ್ತೆ ಕೊಟ್ಟ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಾಮಡಾಲ್ ಇರುವ ನೋವಿನ ಮಾತ್ರೆಗಳಿಗೆ ಅಲ್ಲಿನ ಸರ್ಕಾರದ ಮುಂಗಡ ಅನುಮತಿ ಬೇಕು, ವೈದ್ಯರ ಚೀಟಿಯಷ್ಟೇ ಸಾಲದು.

ಚಿನ್ನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಫಲಕದಲ್ಲಿ ಹಾಕಿರುವ ದಿನದ ದರದಲ್ಲಿ ಚೌಕಾಸಿ ಇಲ್ಲ, ಮಜೂರಿಯಲ್ಲಿ ಮಾತ್ರ ಎಷ್ಟು ಬೇಕಾದರೂ ಎಳೆಯಬಹುದು. ಆದರೆ ಭಾರತಕ್ಕೆ ತರುವ ಆಭರಣಗಳ ಸುಂಕ ವಿನಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿ ಮರಳುವವರಿಗೆ. ವಾರದ ಪ್ರವಾಸಕ್ಕೆ ಹೋದವರಿಗೆ ಅದು ಅನ್ವಯಿಸುವುದಿಲ್ಲ. ಅಂಗಡಿಯವರು ಇದನ್ನು ಹೇಳುವುದಿಲ್ಲ, "ಹೆಂಗಸರಿಗೆ 40 ಗ್ರಾಂ ಫ್ರೀ" ಎನ್ನುತ್ತಾರೆ. ಮನೆಯಿಂದಲೇ ಒಡವೆ ತೊಟ್ಟು ಹೋಗುವುದಾದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ಮಾಡಿಸಿಕೊಳ್ಳಿ.

ಏಜೆನ್ಸಿಯ ಮೇಲೆ ನಾವು ಹಾಸನದಲ್ಲೇ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ಕಚೇರಿ ಬೆಂಗಳೂರಿನಲ್ಲಿದೆ, ಅಲ್ಲಿಗೇ ಬನ್ನಿ ಎಂದು ಅವರು ಹೆದರಿಸಿದರು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಊರಿನ ಆಯೋಗಕ್ಕೇ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ದಾರಿ ತಿಳಿಯದಿದ್ದರೆ ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಹಣ ಕಟ್ಟುವ ಮೊದಲೇ ಯಾವ ಸ್ಥಳ ಒಳಗಿನಿಂದ, ಯಾವುದು ಹೊರಗಿನಿಂದ, ನಾವು ಹೋಗುವ ದಿನ ಅದು ತೆರೆದಿರುತ್ತದೆಯೇ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಗ್ಲೋಬಲ್ ವಿಲೇಜ್ ತೋರಿಸುತ್ತೇವೆ ಎಂದು ಕಳಿಸಿದ್ದ ಸಂದೇಶವನ್ನು ನಮ್ಮ ಏಜೆನ್ಸಿಯವರು ನೋಟಿಸ್ ತಲುಪಿದ ದಿನವೇ ಅಳಿಸಲು ನೋಡಿದರು. ಅಷ್ಟು ಹಳೆಯ ಸಂದೇಶ ನಮ್ಮ ಫೋನಿನಿಂದ ಅಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ರಾಜಿಗೆ ಬರುತ್ತೇವೆ ಎಂದು ಫೋನ್ ಮಾಡುತ್ತಿದ್ದಾರೆ.