ಮನೇಲೇ ಫುಲ್ಕ್ರಮ್ ಸರ್ವರ್: ಮಂಗಳೂರಿನ ಮಳೆ, ಕರೆಂಟ್ ಕಟ್ ನಡುವೆ ಓಡಿಸಿದ ಅನುಭವ

ಮಂಗಳೂರಲ್ಲಿ ಕದ್ರಿ ಕಡೆ ನಮ್ಮ ಮನೇಲಿ ಒಂದು ಮಿನಿ ಪಿಸಿ ಉಂಟು, ಕೆಲವು ವರ್ಷದಿಂದ ಅದ್ರಲ್ಲಿ ಬಿಟ್‌ಕಾಯಿನ್ ಕೋರ್ (ಬಿಟ್‌ಕಾಯಿನ್ ವ್ಯವಹಾರಗಳನ್ನ ಬ್ಲಾಕ್ ಅನ್ನೋ ಕಟ್ಟುಗಳಲ್ಲಿ ಬರೆದಿಟ್ಟ ಪೂರ್ತಿ ದಾಖಲೆ, ಅಂದ್ರೆ ಬ್ಲಾಕ್‌ಚೈನ್, ಇಟ್ಟು ಪರೀಕ್ಷಿಸೋ ಸಾಫ್ಟ್‌ವೇರ್), ಅದ್ರ ಜೊತೆ ಫುಲ್ಕ್ರಮ್ ಅನ್ನೋ ಸರ್ವರ್ ಹಗಲು ರಾತ್ರಿ ಓಡ್ತಾ ಉಂಟು. ಫುಲ್ಕ್ರಮ್‌ನ ಕೆಲಸ ಇಷ್ಟೇ, ನಾನು ಹೇಳಿದ ಬಿಟ್‌ಕಾಯಿನ್ ಅಡ್ರೆಸ್‌ಗಳಿಗೆ (ಅಕೌಂಟ್ ನಂಬರ್ ಇದ್ದ ಹಾಗೆ) ದುಡ್ಡು ಬಂದ್ರೆ ಅಥವಾ ಅಲ್ಲಿಂದ ಹೋದ್ರೆ ಕೂಡ್ಲೇ ತಿಳಿಸ್ಬೇಕು. ಹೊರದೇಶದ ಒಂದಿಬ್ರು ಕ್ಲೈಂಟ್‌ಗಳು ನಂಗೆ ಬಿಟ್‌ಕಾಯಿನಲ್ಲೇ ಪೇಮೆಂಟ್ ಮಾಡ್ತಾರೆ, 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭಕ್ಕೆ 30 ಪರ್ಸೆಂಟ್ ಟ್ಯಾಕ್ಸ್ ಬಂದ ಮೇಲಂತೂ ಯಾವ ದಿನ ಎಷ್ಟು ಗಂಟೆಗೆ ಎಷ್ಟು ಬಂತು ಅನ್ನೋ ಲೆಕ್ಕ ಕೈಯಲ್ಲಿ ಇರ್ಲೇಬೇಕು. ಇಷ್ಟು ಸಮಯ ಬಳಸಿದ ಮೇಲೆ ಹೇಳ್ತೇನೆ, ಕರೆಂಟು, ಇಂಟರ್ನೆಟ್ಟು ಎರಡೂ ಹೇಳದೆ ಕೇಳದೆ ಹೋಗೋ ನಮ್ಮೂರಿಗೆ ಇಷ್ಟು ಚೆನ್ನಾಗಿ ಹೊಂದೋ ಸಾಫ್ಟ್‌ವೇರ್ ಬೇರೆ ನಾನು ನೋಡ್ಲಿಲ್ಲ.

ಮಣಿಪಾಲದ ನನ್ನ ಫ್ರೆಂಡ್ ಮೊದ್ಲು ಕೇಳಿದ್ದೇ "ಎಂತ ಮಾರಾಯ, ಯಾವ್ದಾದ್ರೂ ವೆಬ್‌ಸೈಟಲ್ಲಿ ಅಡ್ರೆಸ್ ಹಾಕಿ ನೋಡಿದ್ರೆ ಆಗುದಿಲ್ವಾ" ಅಂತ. ನೋಡ್ಬಹುದು, ಆದ್ರೆ ಹಾಗೆ ನೋಡಿದಾಗ ಈ ಐಪಿ ಅಡ್ರೆಸ್‌ನವ್ರಿಗೆ ಈ ಬಿಟ್‌ಕಾಯಿನ್ ಅಡ್ರೆಸ್ ಬೇಕಾಗಿದೆ ಅಂತ ಆ ಸೈಟಿನವ್ರಿಗೆ ಗೊತ್ತಾಗ್ತದೆ. ವ್ಯಾಲೆಟ್ ಆಪ್ ಆದ್ರೆ ಇನ್ನೂ ಜಾಸ್ತಿ, ಅದು ನಿಮ್ಮ ಎಲ್ಲಾ ಅಡ್ರೆಸ್ ಬಗ್ಗೆಯೂ ಒಂದೇ ಸರ್ವರ್ ಹತ್ರ ಕೇಳ್ತದೆ, ಅಲ್ಲಿಗೆ ಇದೆಲ್ಲ ಒಬ್ಬರದ್ದೇ ಅಂತ ಆ ಸರ್ವರ್ ನಡೆಸೋರಿಗೆ ಅಂದಾಜು ಮಾಡ್ಲಿಕ್ಕೆ ಕಷ್ಟ ಇಲ್ಲ. 2018ರ ಡಿಸೆಂಬರ್‌ನಲ್ಲಿ ಇಲೆಕ್ಟ್ರಮ್ ವ್ಯಾಲೆಟ್ ಬಳಸೋರಿಗೆ ಆದದ್ದು ಕೆಲವ್ರಿಗೆ ನೆನಪಿರ್ಬಹುದು, ಕಳ್ಳರೇ ಪಬ್ಲಿಕ್ ಸರ್ವರ್‌ಗಳನ್ನ ಇಟ್ಟು "ಹೊಸ ವರ್ಷನ್ ಡೌನ್‌ಲೋಡ್ ಮಾಡಿ" ಅಂತ ನಕಲಿ ಮೆಸೇಜ್ ತೋರಿಸಿ ಜನರ ದುಡ್ಡು ಹೊಡೆದ್ರು. ನಮ್ದೇ ಸರ್ವರ್ ಇದ್ರೆ ಈ ಎರಡು ತಲೆಬಿಸಿಯೂ ಇಲ್ಲ.

ಬಿಟ್‌ಕಾಯಿನ್ ಕೋರ್ ಒಂದೇ ಇದ್ರೆ ಯಾಕೆ ಸಾಕಾಗುದಿಲ್ಲ ಅಂದ್ರೆ ಅದಕ್ಕೆ ಅಡ್ರೆಸ್ ಪ್ರಕಾರ ಹುಡುಕೋ ಪಟ್ಟಿ ಇಲ್ಲ. ಅದರಲ್ಲಿರೋ ಟಿಎಕ್ಸ್‌ಇಂಡೆಕ್ಸ್ ಅನ್ನೋ ಸೆಟ್ಟಿಂಗ್ ಆನ್ ಮಾಡಿದ್ರೂ ಟ್ರಾನ್ಸಾಕ್ಷನ್ ಐಡಿ ಕೊಟ್ರೆ ಮಾತ್ರ ಹುಡುಕಿ ಕೊಡ್ತದೆ, ಅಡ್ರೆಸ್ ಕೊಟ್ಟು ಇದರ ಪೂರ್ತಿ ಹಿಸ್ಟರಿ ಕೊಡು ಅಂದ್ರೆ ಕೊಡುದಿಲ್ಲ. ಆ ಅಡ್ರೆಸ್ ಪಟ್ಟಿ (ಇಂಡೆಕ್ಸ್) ಕಟ್ಲಿಕ್ಕೇ ಇಲೆಕ್ಟ್ರಮ್ ಎಕ್ಸ್, ಇಲೆಕ್ಟ್ರ್ಸ್, ಫುಲ್ಕ್ರಮ್ ಅನ್ನೋ ಸರ್ವರ್‌ಗಳೆಲ್ಲ ಇರೋದು. ಇಲೆಕ್ಟ್ರ್ಸ್ ರಸ್ಟ್ ಭಾಷೆಯಲ್ಲಿ ಬರೆದದ್ದು, ಡಿಸ್ಕ್‌ನಲ್ಲಿ ಕಡಿಮೆ ಜಾಗ ತಗೊಳ್ತದೆ, ಆದ್ರೆ ಕೇಳಿದಾಗೆಲ್ಲ ಬ್ಲಾಕ್ ಡೇಟಾವನ್ನ ಪುನಃ ಕೋರ್‌ನಿಂದ ಎಳೀಬೇಕು, ಹಾಗಾಗಿ ತುಂಬಾ ಹಿಸ್ಟರಿ ಇರೋ ಅಡ್ರೆಸ್ ಆದ್ರೆ ಕಾಯಿಸ್ತದೆ. ಫುಲ್ಕ್ರಮ್ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು, ಅದರ ಇಂಡೆಕ್ಸ್ ನೂರು ಜಿಬಿ ದಾಟ್ತದೆ, ಟಿಎಕ್ಸ್‌ಇಂಡೆಕ್ಸ್ ಕೂಡ ಕಡ್ಡಾಯ, ಆದ್ರೆ ಉತ್ತರ ಪಟ್ ಅಂತ ಬರ್ತದೆ. ದಿನಾ ಬಳಸೋರಿಗೆ ಆ ವ್ಯತ್ಯಾಸ ದೊಡ್ಡದು.

ಈಗ ನಂಗೆ ಇದ್ರಲ್ಲಿ ನಿಜವಾಗ್ಲೂ ಖುಷಿ ಕೊಟ್ಟ ವಿಷಯ. ವ್ಯಾಲೆಟ್‌ಗಳು ಈ ಸರ್ವರ್‌ಗಳ ಜೊತೆ ಮಾತಾಡೋ ಇಲೆಕ್ಟ್ರಮ್ ಪ್ರೋಟೋಕಾಲಲ್ಲಿ ಸರ್ವರ್‌ಗೆ ಅಡ್ರೆಸ್‌ನ್ನ ಹಾಗೇ ಕೊಡೋದಲ್ಲ, ಅಡ್ರೆಸ್‌ನ ಹಿಂದಿರೋ ಸ್ಕ್ರಿಪ್ಟ್‌ನ (ಆ ದುಡ್ಡು ಯಾರು ಖರ್ಚು ಮಾಡ್ಬಹುದು ಅನ್ನೋ ನಿಯಮ) ಎಸ್‌ಎಚ್‌ಎ 256 ಹ್ಯಾಶ್ (ಡೇಟಾದಿಂದ ಲೆಕ್ಕ ಹಾಕಿ ತೆಗೆಯೋ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಬೈಟ್‌ಗಳನ್ನ ಉಲ್ಟಾ ಮಾಡಿ ಕೊಡ್ಬೇಕು, ಅದಕ್ಕೆ ಸ್ಕ್ರಿಪ್ಟ್‌ಹ್ಯಾಶ್ ಅಂತಾರೆ. ಒಂದ್ಸಲ ಸಬ್‌ಸ್ಕ್ರೈಬ್ ಮಾಡಿದ್ರೆ ಸರ್ವರ್ ಒಂದು ಸ್ಟೇಟಸ್ ಕೊಡ್ತದೆ, ಏನೂ ವ್ಯವಹಾರ ಆಗದ ಅಡ್ರೆಸ್ ಆದ್ರೆ ನಲ್ (ಖಾಲಿ), ಇಲ್ಲಾಂದ್ರೆ ಒಂದು ಉದ್ದದ ಹ್ಯಾಶ್. ಆ ಅಡ್ರೆಸ್‌ನ ಎಲ್ಲಾ ಟ್ರಾನ್ಸಾಕ್ಷನ್‌ಗಳ ಐಡಿ, ಕೋಲನ್, ಬ್ಲಾಕ್ ಹೈಟ್ (ಅದು ಸೇರಿದ ಬ್ಲಾಕಿನ ಕ್ರಮಸಂಖ್ಯೆ), ಕೋಲನ್, ಹೀಗೆ ಸಾಲಾಗಿ ಜೋಡಿಸಿ ಆ ಪೂರ್ತಿ ಸಾಲಿಗೆ ತೆಗೆದ ಹ್ಯಾಶ್ ಅದು. ಕ್ಲೈಂಟ್ ದುಡ್ಡು ಕಳಿಸಿದ ಕೂಡ್ಲೇ ಸ್ಟೇಟಸ್ ಬದಲಾಗಿ ನೋಟಿಫಿಕೇಶನ್ ಬರ್ತದೆ, ನನ್ನ ಸಣ್ಣ ಪ್ರೋಗ್ರಾಂ ಹಿಸ್ಟರಿ ಕೇಳ್ತದೆ, ಆಗ ಹೊಸ ಟ್ರಾನ್ಸಾಕ್ಷನ್ ಹೈಟ್ 0 ಅಂತ ಕಾಣ್ತದೆ, ಅಂದ್ರೆ ಮೆಂಪೂಲಲ್ಲಿ (ಬ್ಲಾಕ್ ಸೇರ್ಲಿಕ್ಕೆ ಕಾಯೋ ಸಾಲಲ್ಲಿ) ಉಂಟು, ಬ್ಲಾಕಿಗೆ ಇನ್ನೂ ಸೇರ್ಲಿಲ್ಲ. ಮೈನಸ್ 1 ಅಂತ ಇದ್ರೆ ಕಳಿಸಿದವ್ರ ಕೈಗೆ ಬಂದ ದುಡ್ಡೇ ಇನ್ನೂ ಕನ್‌ಫರ್ಮ್ ಆಗಿಲ್ಲ ಅಂತ ಅರ್ಥ, ಇದು ಗೊತ್ತಾಗೋದು ತುಂಬಾ ಉಪಯೋಗ. ಆಮೇಲೆ ಬ್ಲಾಕ್ ಬಂತು ಅಂದ್ರೆ, ಸರಾಸರಿ 10 ನಿಮಿಷಕ್ಕೊಂದು, ಹೈಟ್ ಜಾಗದಲ್ಲಿ ನಿಜವಾದ ನಂಬರ್ ಕೂತ್ಕೊಳ್ತದೆ, ಹಾಗಾಗಿ ಸ್ಟೇಟಸ್ ಪುನಃ ಬದಲಾಗ್ತದೆ. 2024ರಲ್ಲಿ ಬಂದ ಬಿಟ್‌ಕಾಯಿನ್ ಕೋರ್ 28ನೇ ವರ್ಷನ್‌ನಿಂದ ಯಾವ ಟ್ರಾನ್ಸಾಕ್ಷನ್ನನ್ನೂ ಜಾಸ್ತಿ ಫೀ ಕೊಟ್ಟು ಬದಲಿಸ್ಲಿಕ್ಕೆ ಡೀಫಾಲ್ಟ್ ಆಗಿಯೇ ಬಿಡ್ತಾರಲ್ಲ, ಹಾಗಾಗಿ ಹೈಟ್ 0 ಇರೋವಾಗ ದುಡ್ಡು ಬಂತು ಅಂತ ಫೈಲ್ ಡೆಲಿವರಿ ಮಾಡ್ಲಿಕ್ಕೆ ಹೋಗ್ಬೇಡಿ. ಬದಲಿಸಿದ್ರೂ ಇಲ್ಲಿ ಸ್ಟೇಟಸ್ ಬದಲಾಗಿ ತಿಳೀತದೆ, ಹಳೇ ಐಡಿ ಹಿಸ್ಟರಿಯಿಂದ ಹೋಗಿರ್ತದೆ.

ಈ ಸ್ಟೇಟಸ್ ಪದ್ಧತಿ ಕರಾವಳಿಯವ್ರಿಗೆ ಹೇಳಿ ಮಾಡಿಸಿದ ಹಾಗೆ ಉಂಟು, ಯಾಕಂದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನ್ ಯಾವಾಗ ಕಟ್ ಆಗ್ತದೆ ಅಂತ ಹೇಳ್ಲಿಕ್ಕೇ ಆಗುದಿಲ್ಲ. ಹೊಸ ಬ್ಲಾಕ್, ಟ್ರಾನ್ಸಾಕ್ಷನ್ ಬಂದಾಗ ಕೋರ್ ಕಳಿಸೋ ಝಡ್‌ಎಂಕ್ಯು ಸ್ಟ್ರೀಮ್‌ನ್ನ ಮಾತ್ರ ನಂಬಿ ಕೂತ್ರೆ ಕನೆಕ್ಷನ್ ಇಲ್ಲದಾಗ ಹೋದ ಮೆಸೇಜ್ ಹೋಯ್ತೇ, ಮತ್ತೆ ಕಳಿಸುದಿಲ್ಲ. ಇಲ್ಲಿ ಹಾಗಲ್ಲ. ಲೈನ್ ವಾಪಸ್ ಬಂದಾಗ ಪುನಃ ಸಬ್‌ಸ್ಕ್ರೈಬ್ ಮಾಡಿ ಹಳೇ ಸ್ಟೇಟಸ್ ಜೊತೆ ಹೋಲಿಸಿ ನೋಡಿದ್ರೆ ಆಯ್ತು, ಎರಡೂ ಒಂದೇ ಆದ್ರೆ ಏನೂ ಆಗ್ಲಿಲ್ಲ, ಬೇರೆ ಆದ್ರೆ ಹಿಸ್ಟರಿ ತರಿಸ್ಕೊಳ್ಳೋದು. ಮಧ್ಯದಲ್ಲಿ ಬಂದ ಪೇಮೆಂಟ್ ಲೆಕ್ಕ ತಪ್ಪಿ ಹೋಯ್ತು ಅನ್ನೋ ಪ್ರಶ್ನೆಯೇ ಬರುದಿಲ್ಲ, ನನ್ನ ಟ್ಯಾಕ್ಸ್ ಶೀಟ್ ಪೂರ್ತಿ ಇದ್ರ ಮೇಲೆ ನಿಂತಿದೆ.

ಕರೆಂಟ್ ವಿಷಯ ಮಾತ್ರ ಗಂಭೀರ. ಫುಲ್ಕ್ರಮ್‌ನ 1ನೇ ಸರಣಿಯ ವರ್ಷನ್‌ಗಳಲ್ಲಿ ಬರೀತಾ ಇರೋವಾಗ ಪವರ್ ಹೋದ್ರೆ ಡೇಟಾಬೇಸ್ ಹಾಳಾಗಿ ಮೊದಲಿಂದ ಸಿಂಕ್ (ಇಡೀ ಇಂಡೆಕ್ಸ್ ಪುನಃ ಕಟ್ಟೋದು) ಮಾಡ್ಬೇಕಾಗಿ ಬರೋ ಸಾಧ್ಯತೆ ಇತ್ತು, 2.0ರಲ್ಲಿ ಡೇಟಾಬೇಸ್ ರೀತಿಯನ್ನೇ ಬದಲಿಸಿ ಗಟ್ಟಿ ಮಾಡಿದ್ದಾರೆ, ಹೊಸದಾಗಿ ಹಾಕೋರು ಅದನ್ನೇ ಹಾಕಿ. ಆದ್ರೂ ಬ್ಯಾಕಪ್ ಬೇಕೇ ಬೇಕು. ಮನೆ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರ್ತದೆ, ಅದು ನಾರ್ಮಲ್‌ನಲ್ಲಿ ಇದ್ರೆ ಕರೆಂಟ್ ಹೋದಾಗ ಫ್ಯಾನ್ ಲೈಟಿಗೆ ಏನೂ ಆಗುದಿಲ್ಲ, ಪಿಸಿ ಮಾತ್ರ ರೀಸ್ಟಾರ್ಟ್ ಆಗ್ಬಹುದು. ನಾನು ಅದ್ರ ಮೇಲೆ ಯುಎಸ್‌ಬಿ ಇರೋ ಸಣ್ಣ ಯುಪಿಎಸ್ ಬೇರೆ ಇಟ್ಟಿದ್ದೇನೆ, ಬ್ಯಾಟರಿ ಇಳಿದ್ರೆ ಲಿನಕ್ಸ್ ತಾನೇ ಶಟ್‌ಡೌನ್ ಆಗ್ತದೆ. ಇನ್ನೊಂದು, ಲಿನಕ್ಸಲ್ಲಿ ಸರ್ವರ್‌ಗಳನ್ನ ಶುರು ಮಾಡಿ ನಿಲ್ಲಿಸೋ ಸಿಸ್ಟಮ್‌ಡಿಯ ಸರ್ವಿಸ್ ಫೈಲಲ್ಲಿ ನಿಲ್ಲಿಸ್ಲಿಕ್ಕೆ ಕೊಡೋ ಸಮಯ ಸಾಮಾನ್ಯವಾಗಿ 90 ಸೆಕೆಂಡ್ ಇರ್ತದೆ, ಅಷ್ಟರಲ್ಲಿ ಮೆಮೊರಿಯಲ್ಲಿ ಇದ್ದದ್ದೆಲ್ಲ ಡಿಸ್ಕಿಗೆ ಬರೆದು ಮುಗಿಯದಿದ್ರೆ ಬಲವಂತವಾಗಿ ಕೊಂದು ಬಿಡ್ತದೆ, ಕೋರ್ ಜೊತೆ ಬರೋ ಫೈಲಲ್ಲಿ 600 ಅಂತ ಇದೆ, ಫುಲ್ಕ್ರಮ್‌ಗೂ ಅಷ್ಟೇ ಇಡಿ.

ಡಿಸ್ಕ್ ಬಗ್ಗೆ ಹೆಚ್ಚು ಹೇಳ್ಲಿಕ್ಕಿಲ್ಲ. ಬ್ಲಾಕ್‌ಚೈನೇ 600 ಜಿಬಿ ದಾಟಿದೆ, ಮೇಲೆ ಎರಡು ಇಂಡೆಕ್ಸ್, 2 ಟಿಬಿ ಎಸ್‌ಎಸ್‌ಡಿ ತಗೊಳ್ಳಿ, ತಿರುಗೋ ಹಾರ್ಡ್‌ಡಿಸ್ಕಲ್ಲಿ ಮಾಡ್ಲಿಕ್ಕೆ ಹೋದ್ರೆ ಸಿಂಕ್ ಮುಗಿಯುದೇ ಇಲ್ಲ ಅನ್ನಿಸ್ತದೆ. ಮಿನಿ ಪಿಸಿ 15 ವ್ಯಾಟ್ ಆಸುಪಾಸು ಎಳೆದ್ರೆ ತಿಂಗಳಿಗೆ 11 ಯೂನಿಟ್, ಬಿಲ್‌ನಲ್ಲಿ ಗೊತ್ತಾಗುದಿಲ್ಲ. ಉಳ್ಳಾಲ, ಮಲ್ಪೆ ಕಡೆ ಕಡಲಿಗೆ ಹತ್ರ ಇರೋರು ಫ್ಯಾನ್ ಇಲ್ಲದ ಬಾಕ್ಸ್ ನೋಡಿ, ಫ್ಯಾನ್ ಇದ್ರೆ ಉಪ್ಪಿನ ಗಾಳಿ ಒಳಗೆ ಎಳೀತದೆ, ಪೋರ್ಟ್‌ಗಳಲ್ಲಿ ಹಸಿರು ಕಟ್ಟೋದು ಅಲ್ಲಿಂದ್ಲೇ.

ಹೊರಗಿಂದ ಕನೆಕ್ಟ್ ಮಾಡೋದೇ ನಂಗೆ ದೊಡ್ಡ ತಲೆನೋವಾದದ್ದು. ನಮ್ಮ ಇಂಟರ್ನೆಟ್ ಕಂಪನಿಯವ್ರು ಪಬ್ಲಿಕ್ ಐಪಿ (ಹೊರಗಿಂದ ನೇರ ಮನೆ ಸರ್ವರ್ ತಲುಪ್ಲಿಕ್ಕೆ ಬೇಕಾದ ವಿಳಾಸ) ಕೊಡುದಿಲ್ಲ, ಕೇಳಿದ್ರೆ ಬಿಸಿನೆಸ್ ಪ್ಲಾನ್ ತಗೊಳ್ಳಿ ಅಂತಾರೆ, ಕಸ್ಟಮರ್ ಕೇರ್‌ನವ್ರಿಗೆ ನಾನೇನು ಕೇಳ್ತಿದ್ದೇನೆ ಅಂತಲೇ ಅರ್ಥ ಆಗ್ಲಿಲ್ಲ. ಕೊನೆಗೆ ಟಾರ್ ಅನ್ನೋ ಗುರುತು ಮರೆಸೋ ನೆಟ್‌ವರ್ಕ್ ಮೂಲಕ ಕಂಪ್ಯೂಟರಿನ ಸ್ಪ್ಯಾರೋ ವ್ಯಾಲೆಟ್ ಕನೆಕ್ಟ್ ಮಾಡಿದ್ದೇನೆ. ಟಾರ್ ಸ್ವಲ್ಪ ನಿಧಾನ, ಆದ್ರೆ ಪಬ್ಲಿಕ್ ಐಪಿಯ ಹಂಗೇ ಬೇಡ. ಫುಲ್ಕ್ರಮ್‌ನ 50001, 50002 ಪೋರ್ಟ್‌ಗಳನ್ನ ರೌಟರಲ್ಲಿ ನೇರ ತೆರೆದಿಡ್ಬೇಡಿ, ಫುಲ್ಕ್ರಮ್ ಪಾಸ್‌ವರ್ಡ್ ಕೇಳುದಿಲ್ಲ, ಪೋರ್ಟ್ ಸಿಕ್ಕಿದವ್ರೆಲ್ಲ ನಿಮ್ಮ ಮಿಷನ್‌ನಲ್ಲಿ ಬಿಟ್ಟಿ ಕೆಲಸ ಮಾಡಿಸ್ಕೊಳ್ತಾರೆ.

ಮಣಿಪಾಲದ ಫ್ರೆಂಡ್ ಈಗ ಅವ್ನೇ ಒಂದು ಹಾಕಿದ್ದಾನೆ, ಅವ್ನಿಗೆ ಅಡ್ರೆಸ್ ಕಡಿಮೆ, ಡಿಸ್ಕೂ ಸಣ್ಣದು, ಹಾಗಾಗಿ ಇಲೆಕ್ಟ್ರ್ಸ್ ಸಾಕು ಅಂದೆ, ಅದು ಅವ್ನಿಗೆ ಆರಾಮ ನಡೀತಿದೆ. ನಿಮ್ದು ಒಂದೇ ವ್ಯಾಲೆಟ್, ದಿನಕ್ಕೆ ಒಂದ್ಸಲ ನೋಡೋದು ಅಂದ್ರೆ ನೀವೂ ಅದನ್ನೇ ಹಾಕಿ. ನನ್ನ ಹಾಗೆ ಪ್ರತಿ ಇನ್‌ವಾಯ್ಸ್‌ಗೆ ಹೊಸ ಅಡ್ರೆಸ್ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಕಾಯೋದಾದ್ರೆ ಫುಲ್ಕ್ರಮ್ ಹಾಕಿ, ಮತ್ತೆ ಮೇ ತಿಂಗಳ ಸಂಜೆ ಗುಡುಗು ಶುರು ಆದ್ರೆ ಮೊದ್ಲು ಸರ್ವಿಸ್ ಸ್ಟಾಪ್ ಮಾಡಿ, ಪೂರ್ತಿ ನಿಂತ ಮೇಲೆ ಪ್ಲಗ್ ಎಳೆಯಿರಿ.