ಕೌಂಟರ್, ವೆಬ್ ಚೆಕ್-ಇನ್, ಕಿಯಾಸ್ಕ್: ಮಕ್ಕಳುಮರಿ ಕಟ್ಟಿಕೊಂಡು ಹೊರಟವರಿಗೆ ಯಾವುದು ವಾಸಿ?

ವಿಮಾನ ನಿಲ್ದಾಣದಲ್ಲಿ ಉದ್ದದ ಕ್ಯೂ ಬಹುಪಾಲು ಸಿಗುವುದು ಅಪರೂಪಕ್ಕೆ ಹಾರುವವರಿಗೇ. ವಾರವಾರ ಓಡಾಡುವವರು ಮೊಬೈಲಿನಲ್ಲೇ ಚೆಕ್-ಇನ್ ಮುಗಿಸಿ, 7 ಕೆಜಿಯ ಬ್ಯಾಗ್ ಹೆಗಲಿಗೇರಿಸಿ ನೇರ ಸೆಕ್ಯುರಿಟಿಗೆ ಹೋಗುತ್ತಾರೆ. ಲಗೇಜ್ ಇದ್ದರೂ ಅವರಲ್ಲಿ ಅನೇಕರಿಗೆ ಪ್ರಯಾರಿಟಿ ಸಾಲಿದೆ. ಉಳಿದ ಸಾಲಿನಲ್ಲಿ ನಿಲ್ಲುವವರು ಅಜ್ಜಿ, ಮಕ್ಕಳು, ಸೂಟ್‌ಕೇಸ್ ಸಮೇತ ಬಂದ ನಮ್ಮಂಥವರು. ಬೆಂಗಳೂರಿನಲ್ಲಿ ಕೌಂಟರ್, ವೆಬ್ ಚೆಕ್-ಇನ್, ನಾವೇ ಬಳಸುವ ಕಿಯಾಸ್ಕ್ ಯಂತ್ರ, ಮೂರೂ ದಾರಿ ಬಳಸಿ ನೋಡಿದ್ದೇನೆ.

ಕೌಂಟರಿನಲ್ಲಿ ಹೊತ್ತು ತಿನ್ನುವುದು ಬೋರ್ಡಿಂಗ್ ಪಾಸ್ ಅಲ್ಲ, ತೂಕ. 15 ಕೆಜಿ ದಾಟಿತು ಅಂದರೆ ಸೂಟ್‌ಕೇಸ್ ಅಲ್ಲೇ ನೆಲದ ಮೇಲೆ ಬಿಚ್ಚಿಕೊಳ್ಳುತ್ತದೆ. ಉಪ್ಪಿನಕಾಯಿ ಡಬ್ಬಿ ಕೈಚೀಲಕ್ಕೆ ಹಾಕೋಣ ಅಂದರೆ ಸೆಕ್ಯುರಿಟಿಯಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಒಳಗಿದ್ದರೆ ಹುಡುಕಿ ಹೊರಗೆ ತೆಗೆಯಬೇಕು. ಒಣ ಕೊಬ್ಬರಿಗೆ ಬೆಂಕಿ ಹತ್ತುವ ಭಯ, ಅದು ಕೈಚೀಲ, ಸೂಟ್‌ಕೇಸ್ ಎರಡರಲ್ಲೂ ನಿಷಿದ್ಧ. ಇದನ್ನೆಲ್ಲ ಮೊದಲೇ ಹೇಳುವವರು ಯಾರೂ ಇರುವುದಿಲ್ಲ. ಪಾಪ, ಯಾರೋ ಅಮ್ಮ ಬೆವರು ಒರೆಸಿಕೊಳ್ಳುತ್ತಾ ಬಟ್ಟೆ ಅತ್ತಿತ್ತ ಮಾಡುವಾಗ ಹಿಂದಿನವರು ಗೊಣಗುವುದು ನನಗೆ ಸರಿ ಕಾಣುವುದಿಲ್ಲ.

ವೆಬ್ ಚೆಕ್-ಇನ್ ದೇಶದೊಳಗಿನ ಹೆಚ್ಚಿನ ವಿಮಾನಗಳಿಗೆ 48 ಗಂಟೆ ಮೊದಲೇ ತೆರೆಯುತ್ತದೆ. ಹೆಸರು, ಸೀಟು ಎಲ್ಲ ಮನೆಯಲ್ಲೇ ಮುಗಿಯುತ್ತದೆ. ದುಡ್ಡು ಕೊಡದೆ ಸೀಟು ಆರಿಸಿದರೆ ಮನೆಯವರು ಚೆಲ್ಲಾಪಿಲ್ಲಿ ಆಗಬಹುದು. ಆದರೆ ಒಂದೇ ಪಿಎನ್‌ಆರ್‌ನಲ್ಲಿದ್ದರೆ 12 ವರ್ಷದೊಳಗಿನ ಮಗುವನ್ನು ಅಪ್ಪ ಅಥವಾ ಅಮ್ಮನ ಪಕ್ಕ ಕೂರಿಸಬೇಕೆಂದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರಲ್ಲೇ ಹೇಳಿದೆ. ಧೈರ್ಯವಾಗಿ ಕೇಳಿ. ವೆಬ್ ಚೆಕ್-ಇನ್‌ನ ಕೊರತೆ ಒಂದೇ: ಲಗೇಜ್ ಕೊಡಲು ಮತ್ತೆ ಸಾಲು, ಕೆಲವೊಮ್ಮೆ ಅದೇ ಸಾಲು!

ಮುಖ ಗುರುತಿಸಿ ಒಳಗೆ ಬಿಡುವ ಡಿಜಿಯಾತ್ರಾ ಇದೆಯಲ್ಲ ಅನ್ನುತ್ತೀರಾ? 2022ರ ಡಿಸೆಂಬರ್‌ನಲ್ಲಿ ಶುರುವಾದ ಅದು ಬಾಗಿಲಿನ ಸಾಲು ತಪ್ಪಿಸುತ್ತದೆ, ಲಗೇಜಿನ ಸಾಲನ್ನಲ್ಲ.

ಕಿಯಾಸ್ಕ್‌ನಲ್ಲಿ ಟ್ಯಾಗ್ ಪ್ರಿಂಟ್ ಮಾಡಿ, ಹಿಡಿಗೆ ಸುತ್ತಿ ಅಂಟಿಸಿ, ಸೆಲ್ಫ್ ಬ್ಯಾಗ್ ಡ್ರಾಪ್ ಬೆಲ್ಟಿನ ಮೇಲೆ ಇಟ್ಟರೆ ಆಯಿತು. ಮೂರರಲ್ಲಿ ಬೇಗ ಮುಗಿದದ್ದು ಇದೇ. ಟ್ಯಾಗ್ ಅಂಟಿಸಲು ಬರದಿದ್ದರೆ ಅಲ್ಲಿರುವ ಸಿಬ್ಬಂದಿಯನ್ನು ಕೇಳಿ, ಸಂಕೋಚ ಬೇಡ. ತೂಕ ಜಾಸ್ತಿಯಾದರೆ ಮಾತ್ರ ಯಂತ್ರ ಒಪ್ಪುವುದಿಲ್ಲ, ಮತ್ತೆ ಕೌಂಟರೇ ಗತಿ.

ಹಾಗಾಗಿ ನನ್ನ ಆಯ್ಕೆ: ಹಿಂದಿನ ದಿನ ವೆಬ್ ಚೆಕ್-ಇನ್, ಮನೆಯಲ್ಲೇ ತೂಕ, ನಿಲ್ದಾಣದಲ್ಲಿ ಕಿಯಾಸ್ಕ್. ಕೈಗೂಸು ಇದ್ದರೆ, ಹಿರಿಯರಿಗೆ ವೀಲ್‌ಚೇರ್ ಬೇಕಿದ್ದರೆ ಸುಮ್ನೆ ಯಂತ್ರದ ಮುಂದೆ ಹೊತ್ತು ಕಳೆಯಬೇಡಿ, ನೇರ ಕೌಂಟರಿಗೆ ಹೋಗಿ. ಮಗುವಿನ ವಯಸ್ಸಿನ ದಾಖಲೆ ಕೈಯಲ್ಲೇ ಇರಲಿ, ವೀಲ್‌ಚೇರನ್ನು ಟಿಕೆಟ್ ಮಾಡುವಾಗಲೇ ಕೇಳಿರಿ. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ 60 ನಿಮಿಷ ಮೊದಲೇ ಕೌಂಟರ್ ಮುಚ್ಚುತ್ತಾರೆ.