ಮೇದೋಜೀರಕ ಗ್ರಂಥಿಗೆ ಇಯುಎಸ್ ಪರೀಕ್ಷೆ: ವೈದ್ಯರು ಉತ್ತಮ, ಕೌಂಟರ್ ಸಾಧಾರಣ

ಊಟವಾದೊಡನೆ ಬೆನ್ನಿನವರೆಗೂ ಹಬ್ಬುವ ಹೊಟ್ಟೆನೋವಿಗೆ ಸಿಟಿ ಸ್ಕ್ಯಾನ್ ಮತ್ತು ಎಂಆರ್‌ಸಿಪಿ (ಪಿತ್ತ ಮತ್ತು ಮೇದೋಜೀರಕ ನಾಳಗಳ ಎಂಆರ್‌ಐ ಸ್ಕ್ಯಾನ್) ಎರಡರಲ್ಲೂ ಖಚಿತ ಉತ್ತರ ಸಿಗದ ಕಾರಣ, ನಮ್ಮ ಭಾವನವರಿಗೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಇಯುಎಸ್) ಮಾಡಿಸಿದೆವು. ತುದಿಯಲ್ಲಿ ಅಲ್ಟ್ರಾಸೌಂಡ್ ಪ್ರೋಬ್ ಇರುವ ಕೊಳವೆಯನ್ನು ಬಾಯಿಯ ಮೂಲಕ ಜಠರ, ಸಣ್ಣ ಕರುಳಿನ ಆರಂಭದವರೆಗೆ ಇಳಿಸುವುದರಿಂದ, ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿಗೆ ಅಡ್ಡಬರುವ ಗ್ಯಾಸಿನ ತೊಡಕಿಲ್ಲದೆ ಮೇದೋಜೀರಕ ಗ್ರಂಥಿಯನ್ನು ಬಹಳ ಸಮೀಪದಿಂದ ನೋಡಬಹುದು.

ವೈದ್ಯರು ಚಿತ್ರಗಳನ್ನು ತೆರೆದು, ಗ್ರಂಥಿಯ ನಾಳದೊಳಗೆ ಬೆಳ್ಳಗೆ ಹೊಳೆಯುತ್ತಿದ್ದ ಚಿಕ್ಕ ಕಲ್ಲನ್ನೂ ಅದರ ಹಿಂದೆ ಬಿದ್ದಿದ್ದ ಕಪ್ಪು ನೆರಳನ್ನೂ ತೋರಿಸಿದರು. ವಯಸ್ಸು, ಮದ್ಯ, ಧೂಮಪಾನಗಳಿಂದಲೂ ಗ್ರಂಥಿಯಲ್ಲಿ ಇಂಥವೇ ಸಣ್ಣ ಬದಲಾವಣೆಗಳು ಕಾಣುವುದರಿಂದ, ಒಂದೆರಡು ಲಕ್ಷಣಗಳನ್ನಷ್ಟೇ ನಂಬಿ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಎನ್ನಬಾರದು, ಇಯುಎಸ್‌ನಲ್ಲಿ ಈ ಕಾಯಿಲೆಯನ್ನು ಗುರುತಿಸಲು ಬಳಸುವ 2009ರ ರೋಸ್‌ಮಾಂಟ್ ಮಾನದಂಡಗಳಂತೆ ಪ್ರಮುಖ ಮತ್ತು ಗೌಣ ಲಕ್ಷಣಗಳನ್ನು ಬೇರ್ಪಡಿಸಿ ತೂಗಬೇಕು ಎಂದು ಅವರು ವಿವರಿಸಿದ್ದು ನನಗೆ ಬಹಳ ಹಿಡಿಸಿತು. ಇದೇ ಉಪಕರಣದಿಂದ ಸೂಜಿ ಹಾಯಿಸಿ ನೋವಿನ ನರಜಾಲಕ್ಕೆ ಔಷಧಿ ಕೊಡಬಹುದಾದರೂ, ಅದರ ಉಪಶಮನ ತಾತ್ಕಾಲಿಕವೆಂದು ಹೇಳಿ, ಮೊದಲು ಸಿಗರೇಟು ಬಿಡಿಸಿ ಜೀರ್ಣಕ್ಕೆ ನೆರವಾಗುವ ಎಂಜೈಮ್ ಕ್ಯಾಪ್ಸೂಲ್ ಬರೆದುಕೊಟ್ಟರು. ವ್ಯಾಪಾರದ ಗೀಳಿಲ್ಲದ ಇಂಥ ಸಲಹೆ ಈಗ ಅಪರೂಪ.

ಕೌಂಟರಿನ ವ್ಯವಹಾರ ಮಾತ್ರ ಬೇಸರ ತರಿಸಿತು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಷ್ಟೇ ಇತ್ತು. ಅರಿವಳಿಕೆಯ ಶುಲ್ಕ ಪ್ರತ್ಯೇಕವೆಂಬುದು ಬಿಲ್ಲು ಕೈಗೆ ಬಂದ ಮೇಲಷ್ಟೇ ತಿಳಿಯಿತು. ಹೋಗುವವರು ಅಂದಾಜು ವೆಚ್ಚವನ್ನು ಮೊದಲೇ ಬರೆಸಿಕೊಳ್ಳಿ, ಹಳೆಯ ಸ್ಕ್ಯಾನ್‌ಗಳ ಸಿಡಿಯನ್ನೂ ಒಯ್ಯಿರಿ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮುಂಚೆಯೇ ತಿಳಿಸಿ.